ಕೋಲಾರದ ಗಣಿಗಳಲ್ಲಿ ನ್ಯೂಟ್ರಿನೋ ಶೋಧನೆ

ಕೋಲಾರ ಸೀಮೆಯ ಶಿಲಾಶಾಸನಗಳನ್ನು ರೈಸ್ ಮಹಾಶಯರು 1905ರಲ್ಲಿ ಪ್ರಕಟಿಸಿದುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಅದೇ ಸೀಮೆಯ ನೆಲದಡಿಯಲ್ಲಿ ನಡೆದ ಮತ್ತೊಂದು ಕಾರ್ಯವೂ ನಾಡಿನ ಚರಿತ್ರೆಯಲ್ಲಿ ಸೇರತಕ್ಕುದು.

ವಿಶ್ವಕಿರಣಗಳಿಂದ ವಾಯುಮಂಡಲದಲ್ಲಿ ಹುಟ್ಟುವ ಮ್ಯೂಆನ್ ಎಂಬ ಕಣಗಳು ಭೂಮಿಯೊಳಕ್ಕೂ ಇಳಿಯುತ್ತವೆ. ಆಳ ಹೆಚ್ಚಿದಂತೆ ಇವುಗಳ ಸಂಖ್ಯೆ ಕುಂದುವ ಬಗೆಯನ್ನು ಅಳೆಯಲು ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು 1951ರಲ್ಲಿ ಚಿನ್ನದ ಗಣಿಗಳಿಗೆ ಇಳಿದರು. ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರಾದ ಬಿ. ವಿ. ಶ್ರೀಕಂಠನ್ ಅವರು ಈ ಕಾರ್ಯದಲ್ಲಿ ಅಗ್ರಗಣ್ಯರು.

1960ರ ದಶಕದ ಆದಿಯಲ್ಲಿ, ಅತ್ಯಂತ ಆಳದ ಸ್ಥಾನದಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದು ಕಣವೂ ಗೋಚರಿಸಲಿಲ್ಲ. ಇದು ವೈಫಲ್ಯವೆಂದು ತೋರಬಹುದು. ಆದರೆ ಈ ಶೂನ್ಯವೇ ಮಹಾಲಾಭವಾಯಿತು. ಭೂಮಂಡಲವನ್ನೇ ತೂರಿಹೋಗಬಲ್ಲ ನ್ಯೂಟ್ರಿನೋವು ಶಿಲೆಯಲ್ಲಿ ವಿರಳವಾಗಿ ಹುಟ್ಟಿಸುವ ಮ್ಯೂಆನನ್ನು ಇಂತಹ ಪ್ರಶಾಂತಸ್ಥಳದಲ್ಲಿ ಗುರುತಿಸಬಹುದೆಂದು ತಿಳಿದುಬಂದಿತು.

ಆ ಮೇಲೆ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯ ಇವುಗಳವರು ಕೂಡಿ 2.3 ಕಿಲೋಮೀಟರು ಆಳದಲ್ಲಿ ಯಂತ್ರಗಳನ್ನು ಸ್ಥಾಪಿಸಿದರು. ಮೇಲಿನಿಂದ ಬರುವ ಕಣಗಳು ಅಲ್ಲಿ ಬಹುಮಟ್ಟಿಗೆ ನೆಟ್ಟಗೆ ಇಳಿಯುವುವು. ಅಡ್ಡಲಾಗಿ ಹಾಯುವುವು ನ್ಯೂಟ್ರಿನೋಜನ್ಯವೆಂದು ನಿರ್ಣಯಿಸಿದರು. ಇವರ ಲೇಖನವು 1965ರ ಆಗಸ್ಟ್ 15ರಂದು ಪ್ರಕಟವಾಯಿತು. ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ ರೈನ್ಸ್ ಮೊದಲಾದವರು ಅದೇ ವರ್ಷದ ಫೆಬ್ರವರಿಯಲ್ಲಿಯೇ ಇಂತಹ ಕಣವನ್ನು ಕಂಡಿದ್ದರೂ ಅವರ ಲೇಖನವು ಆಗಸ್ಟ್ 30ರಂದು ಹೊರಬಂದಿತು. ಆದುದರಿಂದ ದರ್ಶನದಲ್ಲಿ ಅವರಿಗೂ ಪ್ರಕಟನೆಯಲ್ಲಿ ಕೋಲಾರಕ್ಕೂ ಪ್ರಾಥಮ್ಯವು ಸಲ್ಲುವುದು ನ್ಯಾಯವಾಗಿದೆ.

2001ರಲ್ಲಿ ಗಣಿಗಳು ಮುಚ್ಚಿದುವು. ಆಳದ ಸುರಂಗಗಳಲ್ಲಿ ನೀರು ತುಂಬಿತು. ಶಾಸನದ ಕಲ್ಲನ್ನು ಮತ್ತೆ ಹೋಗಿ ಓದಬಹುದು. ಈ ಸ್ಥಳವನ್ನು ನೋಡುವಂತಿಲ್ಲ. ಆದಕಾರಣ ಇದರ ವೃತ್ತಾಂತವನ್ನು ಕನ್ನಡದಲ್ಲಿ ಬರೆದಿಡುವುದು ನಮ್ಮ ಕರ್ತವ್ಯವಾಗಿದೆ.