ದೋಷ ಸಂದೇಶಗಳ ವರ್ಗೀಕರಣ: ಆರ್‌ಪಿಜಿ ಭಾಷೆಯ ಚರಿತ್ರೆಯ ಒಂದು ಎಳೆ

ಐಬಿಎಂ ಸಂಸ್ಥೆಯು 1959ರಲ್ಲಿ ತನ್ನ 1401 ಗಣಕಯಂತ್ರಕ್ಕಾಗಿ ರೂಪಿಸಿದ ಆರ್‌ಪಿಜಿ, ಅಂದರೆ ರಿಪೋರ್ಟ್ ಪ್ರೋಗ್ರಾಂ ಜನರೇಟರ್, ಪಂಚ್ ಕಾರ್ಡುಗಳಲ್ಲಿದ್ದ ಲೆಕ್ಕಪತ್ರಗಳಿಂದ ವರದಿ ತಯಾರಿಸುವ ಸಾಧನವಾಗಿ ಹುಟ್ಟಿತು. 1969ರಲ್ಲಿ ಸಿಸ್ಟಂ/3 ಯಂತ್ರದೊಂದಿಗೆ ಬಂದ ಆರ್‌ಪಿಜಿ 2ರಲ್ಲಿ ಎಚ್1ರಿಂದ ಎಚ್9ರವರೆಗೆ ಒಂಬತ್ತು ಹಾಲ್ಟ್ ಇಂಡಿಕೇಟರುಗಳಿದ್ದವು. ಇಂಡಿಕೇಟರ್ ಎಂದರೆ ‘ಹೌದು’ ಅಥವಾ ‘ಇಲ್ಲ’ ಎಂಬ ಎರಡೇ ಸ್ಥಿತಿಗಳುಳ್ಳ ಗುರುತು. ಇವುಗಳಲ್ಲಿ ಯಾವುದಾದರೊಂದು ಹೊತ್ತಿಕೊಂಡರೆ ಕೆಲಸ ನಿಲ್ಲುತ್ತಿತ್ತು, ಮುಂದೇನು ಮಾಡಬೇಕೆಂಬ ತೀರ್ಮಾನ ಯಂತ್ರದ ಬಳಿಯಿದ್ದ ಆಪರೇಟರನ ಪಾಲಿಗೆ ಬರುತ್ತಿತ್ತು.

1978ರಲ್ಲಿ ಪ್ರಕಟವಾದ ಸಿಸ್ಟಂ/38 ಈ ವ್ಯವಸ್ಥೆಯನ್ನು ಬುಡದಿಂದಲೇ ಬದಲಿಸಿತು. ಅದರ ಕಾರ್ಯಾಚರಣ ವ್ಯವಸ್ಥೆಯಾದ ಕಂಟ್ರೋಲ್ ಪ್ರೋಗ್ರಾಂ ಫೆಸಿಲಿಟಿಯು ಪ್ರತಿ ಸಂದೇಶಕ್ಕೂ ಏಳು ಅಕ್ಷರಗಳ ಗುರುತನ್ನು ಕೊಟ್ಟಿತು. ಇಂದಿಗೂ ಉಳಿದಿರುವ ‘ಸಿಪಿಎಫ್’ ಎಂಬ ಮೊದಲ ಮೂರು ಅಕ್ಷರಗಳು ಆ ವ್ಯವಸ್ಥೆಯ ಹೆಸರಿನ ಸಂಕ್ಷೇಪವೇ. ಅದರ ಆದೇಶ ಭಾಷೆಯಾದ ಸಿಎಲ್‌ನಲ್ಲಿ ಸಿಪಿಎಫ್9801 ಎಂದರೆ ಒಂದೇ ಸಂದೇಶ, ಸಿಪಿಎಫ್9800 ಎಂದರೆ ಸಿಪಿಎಫ್98 ಎಂದು ಆರಂಭವಾಗುವ ಇಡೀ ಗುಂಪು, ಸಿಪಿಎಫ್0000 ಎಂದರೆ ಆ ಕುಲದ ಎಲ್ಲ ಸಂದೇಶಗಳು. ಆರ್‌ಪಿಜಿ ಮಾತ್ರ ಈ ಗುರುತುಗಳನ್ನು ನೇರವಾಗಿ ಬಳಸದೆ, ದೋಷಗಳನ್ನು ತನ್ನದೇ ಸ್ಥಿತಿಸಂಖ್ಯೆಗಳಿಗೆ ಇಳಿಸಿಕೊಂಡಿತು: ಸಾವಿರಕ್ಕಿಂತ ಕೆಳಗಿನವು ಪ್ರೋಗ್ರಾಂ ದೋಷಗಳು, ಮೇಲಿನವು ಕಡತದ ದೋಷಗಳು. ಸೊನ್ನೆಯಿಂದ ಭಾಗಿಸಿದರೆ 102, ದಶಮಾನ ಸಂಖ್ಯೆಯ ಜಾಗದಲ್ಲಿ ಅಮಾನ್ಯ ದತ್ತಾಂಶವಿದ್ದರೆ 907, ದಾಖಲೆಯನ್ನು ಬೇರೊಬ್ಬರು ಹಿಡಿದಿಟ್ಟುಕೊಂಡಿದ್ದರೆ 1218. ಈ ವಿಂಗಡಣೆ ಸರಳವಾದದ್ದು, ಆದರೆ ಒರಟಾದದ್ದು. ಒಂದು ಪ್ರೋಗ್ರಾಂ ಇನ್ನೊಂದನ್ನು ಕರೆದಾಗ, ಆ ಇನ್ನೊಂದು ಯಾವ ಕಾರಣಕ್ಕೆ ವಿಫಲವಾದರೂ ಕರೆದ ಪ್ರೋಗ್ರಾಂಗೆ ಸಾಮಾನ್ಯವಾಗಿ ಸಿಗುತ್ತಿದ್ದುದು 202 ಎಂಬ ಒಂದೇ ಸಂಖ್ಯೆ. ಮೂಲ ಸಂದೇಶದ ಗುರುತನ್ನು ಪ್ರೋಗ್ರಾಂ ಸ್ಥಿತಿಯ ದತ್ತಾಂಶದಲ್ಲಿ ಪ್ರತ್ಯೇಕವಾಗಿ ಹುಡುಕಬೇಕಾಗಿತ್ತು.

2001ರಲ್ಲಿ ಬಂದ ಮಾನಿಟರ್ ಖಂಡವು ಈ ವರ್ಗೀಕರಣಕ್ಕೆ ಶಿಸ್ತು ತಂದಿತು. ಅಪಾಯವಿರುವ ಸಾಲುಗಳನ್ನು ಮಾನಿಟರ್ ಒಳಗಿಟ್ಟು, ಕೆಳಗೆ ಆನ್-ಎರರ್ ಎಂಬ ಭಾಗಗಳಲ್ಲಿ ನಿರ್ದಿಷ್ಟ ಸಂಖ್ಯೆಗಳನ್ನಾಗಲಿ, ಪ್ರೋಗ್ರಾಂ, ಫೈಲ್, ಆಲ್ ಎಂಬ ಗುಂಪುಗಳನ್ನಾಗಲಿ ಹೆಸರಿಸಬಹುದಾಯಿತು. ಹೊಂದುವ ಮೊದಲ ಭಾಗವೊಂದೇ ನಡೆಯುವುದರಿಂದ ನಿರ್ದಿಷ್ಟವಾದವು ಮೊದಲು, ವ್ಯಾಪಕವಾದವು ಕೊನೆಗೆ ಬರಬೇಕು. ಆಲ್ ಎಂಬುದನ್ನೊಂದನ್ನೇ ಬರೆದು ಅದರ ಕೆಳಗೆ ಏನನ್ನೂ ಬರೆಯದೆ ಬಿಡುವ ರೂಢಿ, ಯಂತ್ರ ನಿಲ್ಲುತ್ತಿದ್ದ ಹಳೆಯ ಕಾಲಕ್ಕಿಂತಲೂ ಹಾನಿಕರವಾದದ್ದು. ನಿಂತ ಯಂತ್ರವು ದೋಷವನ್ನು ತೋರಿಸಿಯಾದರೂ ಕೊಡುತ್ತಿತ್ತು, ಬರಿದಾದ ಈ ಭಾಗವು ತಪ್ಪು ಲೆಕ್ಕವನ್ನು ಸದ್ದಿಲ್ಲದೆ ಮುಂದಕ್ಕೆ ಸಾಗಿಸುತ್ತದೆ.

ಸಂದೇಶಗಳನ್ನು ಅವುಗಳ ಏಳಕ್ಷರದ ಗುರುತಿನಿಂದಲೇ ಹಿಡಿಯುವ ಆನ್-ಎಕ್ಸೆಪ್ ಎಂಬ ಆದೇಶವು ಆರ್‌ಪಿಜಿಗೆ ದೊರೆತದ್ದು 2022ರ ಹೊತ್ತಿಗೆ, ಅಂದರೆ ಸಿಸ್ಟಂ/38 ಪ್ರಕಟವಾಗಿ ನಾಲ್ಕು ದಶಕಗಳು ಕಳೆದ ಮೇಲೆ.