ಕೆಳಗಿನ ಸೆಟ್ ಯಾಕ ನಿಲ್ಲೂದಿಲ್ಲ?

ಬಿಂಕದಕಟ್ಟಿಯಿಂದ ಮಾತಾಡಾಕತ್ತೀನಿ. ಗದಗ ಕಡೆ ಹಲ್ಲಿನ ಸೆಟ್ ಹಾಕಿಸಿಕೊಂಡ ಹಿರಿಯರನ್ನು ಕೇಳಿ ನೋಡ್ರಿ. ಮೇಲಿನದು ಅಡ್ಡಿಯಿಲ್ಲ, ಕೆಳಗಿನದು ನಿಲ್ಲೂದಿಲ್ಲ ಅಂತಾರ. ಮದುವಿಗೆ ಹೋಗುವಾಗ ಬಾಯಾಗ, ಕಟಕ ರೊಟ್ಟಿ ತಿನ್ನುವಾಗ ಡಬ್ಬ್ಯಾಗ. ಇದು ಅವರ ತಪ್ಪಲ್ಲ, ಬಹಳ ಸಲ ಡಾಕ್ಟರ ತಪ್ಪೂ ಅಲ್ಲ.

ಹಲ್ಲು ಹೋದ ಮೇಲೆ ಅದನ್ನು ಹಿಡಿದಿದ್ದ ಎಲುಬು ಕರಗುತ್ತಾ ಹೋಗುತ್ತದೆ. ಸೆಟ್ ಹಾಕಿಕೊಂಡವರನ್ನು 25 ವರ್ಷ ಗಮನಿಸಿದ ಲೆಕ್ಕವನ್ನು ಟಾಲ್‌ಗ್ರೆನ್ ಎಂಬ ಸಂಶೋಧಕಿ 1972ರಲ್ಲಿ ಪ್ರಕಟಿಸಿದರು. ಮುಂಭಾಗದಲ್ಲಿ ಕೆಳದವಡೆ ಮೇಲಿನದಕ್ಕಿಂತ ಸುಮಾರು 4 ಪಟ್ಟು ಹೆಚ್ಚು ಸವೆದಿತ್ತು. ಮೇಲಿನ ಸೆಟ್ಟಿಗೆ ಅಂಗುಳದ ಆಸರೆಯಾದರೂ ಇದೆ. ಕೆಳಗೆ ಲಾಳದಂಥ ಸಣ್ಣ ದಿಬ್ಬ, ನಡುವೆ ಸುಮ್ಮನಿರದ ನಾಲಿಗೆ.

ಪರಿಹಾರ ಸಿಕ್ಕಿದ್ದು ಬ್ಯಾರೇನೋ ಹುಡುಕುವಾಗ. 1950ರ ದಶಕದಲ್ಲಿ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಎಲುಬಿನೊಳಗಿನ ರಕ್ತಸಂಚಾರ ನೋಡಲು ಟೈಟಾನಿಯಂ ಉಪಕರಣ ಕೂಡಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲೇ ಇಲ್ಲ, ಎಲುಬು ಅದನ್ನು ಹಿಡಿದುಕೊಂಡು ಬೆಳೆದಿತ್ತು! 1965ರಲ್ಲಿ ಗೋಥೆನ್‌ಬರ್ಗ್‌ನ ಯೋಸ್ಟಾ ಲಾರ್ಸನ್ ಅವರ ದವಡೆಗೆ ಟೈಟಾನಿಯಂ ತಿರುಪು ಹಾಕಿದರು. 2006ರಲ್ಲಿ ಅವರು ತೀರಿಕೊಳ್ಳುವವರೆಗೂ ಅವು ಗಟ್ಟಿಯಾಗಿದ್ದವು. ಆದ್ರೂ ಜಗತ್ತಿನ ದಂತವೈದ್ಯರು ಇದನ್ನು ದೊಡ್ಡ ಪ್ರಮಾಣದಲ್ಲಿ ಒಪ್ಪಿದ್ದು 1982ರ ಟೊರಾಂಟೊ ಸಮ್ಮೇಳನದ ನಂತರ.

ಮೊದಮೊದಲು ಎಲ್ಲರ ಕಣ್ಣು ಕಾಯಂ ಹಲ್ಲಿನ ಮೇಲೆ. ಅದಕ್ಕೆ ತಿರುಪು ಹೆಚ್ಚು ಬೇಕು, ರೊಕ್ಕವೂ ಹೆಚ್ಚು. ಬಿ.ಕಾಂ. ಓದಿದ ನನಗೆ ಹಿಡಿಸಿದ್ದು ಅಗ್ಗದ ದಾರಿ. ಕೆಳದವಡೆಯ ಮುಂದೆ ಎರಡೇ ಇಂಪ್ಲಾಂಟ್, ಅವುಗಳ ಮೇಲೆ ಗುಬುಟು, ಸೆಟ್ಟಿನ ಅಡಿಯಲ್ಲಿ ಅದಕ್ಕೆ ಹೊಂದುವ ಕುಳಿ. ಕುಪ್ಪಸದ ಟಿಚ್ ಬಟನ್ ಇದ್ದಂಗ! ತಿನ್ನುವಾಗ ಹಿಡಿದಿರುತ್ತದೆ, ತೊಳೆಯುವಾಗ ಕೈಗೆ ಬರುತ್ತದೆ. ಹಲ್ಲಿಲ್ಲದ ಕೆಳದವಡೆಗೆ ಇದೇ ಮೊದಲ ಆಯ್ಕೆಯಾಗಬೇಕು ಎಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಹೇಳಿದರು.

ನಮ್ಮ ಸರ್ಕಾರ 2014-15ರಲ್ಲಿ ‘ದಂತಭಾಗ್ಯ’ ತಂದಿತು. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಪುಕ್ಕಟೆ ಸೆಟ್. ಒಳ್ಳೆಯ ಯೋಜನೆ, ಅನುಮಾನವಿಲ್ಲ. ಆದ್ರ ಅದು ಸಾದಾ ಸೆಟ್ಟು. ಕೆಳಗಿನದು ಡಬ್ಬ್ಯಾಗ ಉಳಿದರೆ ಆ ಖರ್ಚಿನ ಅರ್ಧ ಲೆಕ್ಕ ಯಾವ ಖಾತೆಗೆ ಬರೀಬೇಕು? ಎಲ್ಲರಿಗೂ ಆಗದಿದ್ದರೂ, ದವಡೆ ಪೂರಾ ಸವೆದವರಿಗಾದರೂ ಎರಡು ತಿರುಪು ಸೇರಿಸಬೇಕು ಅಂತ ನನ್ನ ವಾದ.

ತಿರುಪು ಹಾಕಿದ ಮೇಲೂ ಕೆಲಸ ಇರ್ತದ. ಟಿಚ್ ಬಟನ್ನಿನೊಳಗಿನ ನೈಲಾನ್ ಬಿಲ್ಲೆ ಸವೆಯುತ್ತದೆ, ಬದಲಿಸಬೇಕು. ಗುಬುಟಿನ ಸುತ್ತ ದಿನಾ ಬ್ರಷ್ ಮಾಡಬೇಕು. ಸಕ್ಕರೆ ಕಾಯಿಲೆ ಇದ್ರ, ಬೀಡಿ ಚಟ ಇದ್ರ ಡಾಕ್ಟರಿಗೆ ಮೊದಲೇ ಹೇಳ್ರಿ.