ವರಲಕ್ಷ್ಮಿ ಹತ್ತಿ: ಒಂದು ಶೋಧದ ಯಶಸ್ಸೂ ಅದರ ಪಾಲುಗಾರರೂ

ಶಾಸ್ತ್ರೀಯ ಶೋಧವೊಂದರ ಚರಿತ್ರೆಯನ್ನು ಬರೆಯುವಲ್ಲಿ, ಅದನ್ನು ಮೊದಲು ಸಾಧಿಸಿದವರು ಯಾರೆಂಬ ಪ್ರಶ್ನೆಯೇ ಮುಂದಾಗಿ ನಿಲ್ಲುವುದು ವಾಡಿಕೆ. ಆದರೆ ‘ಮೊದಲು’ ಎಂಬ ಮಾತಿಗೆ ಎಲ್ಲೆಡೆಯಲ್ಲಿಯೂ ಒಂದೇ ಅರ್ಥವಿರುವುದಿಲ್ಲ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ಒಕ್ಕಲುತನದೊಡನೆ ಹೆಣೆದುಕೊಂಡಿರುವ ಸಂಕರ ಹತ್ತಿಯ ವೃತ್ತಾಂತವು ಇದಕ್ಕೆ ತಕ್ಕ ನಿದರ್ಶನವಾಗಿದೆ.

೧೯೭೦ರಲ್ಲಿ ಸೂರತ್ತಿನ ಹತ್ತಿ ಸಂಶೋಧನ ಕೇಂದ್ರದಿಂದ ಸಿ. ಟಿ. ಪಟೇಲರು ‘ಹೈಬ್ರಿಡ್ ೪’ ಎಂಬ ಹತ್ತಿಯನ್ನು ಹೊರತಂದರು. ರೈತರ ಬೇಸಾಯಕ್ಕೆ ಒದಗಿದ ಸಂಕರ ಹತ್ತಿಗಳಲ್ಲಿ ಜಗತ್ತಿನಲ್ಲಿಯೇ ಮೊದಲನೆಯದೆಂದು ಅದಕ್ಕೆ ಪ್ರಸಿದ್ಧಿಯುಂಟು. ಎರಡು ವರ್ಷಗಳ ತರುವಾಯ, ೧೯೭೨ರಲ್ಲಿ, ಧಾರವಾಡದಲ್ಲಿ ಬಿ. ಎಚ್. ಕಾತರಕಿಯವರ ಪರಿಶ್ರಮದಿಂದ ‘ವರಲಕ್ಷ್ಮಿ’ಯು ಹೊರಬಿದ್ದಿತು. ಪಟೇಲರ ತಳಿಯ ತಾಯಿತಂದೆಗಳೆರಡೂ ‘ಹಿರ್ಸುಟಂ’ ಎಂಬ ಒಂದೇ ಜಾತಿಗೆ ಸೇರಿದುವು. ವರಲಕ್ಷ್ಮಿಯ ತಾಯಿಯಾದರೋ ‘ಹಿರ್ಸುಟಂ’ ಜಾತಿಯ ‘ಲಕ್ಷ್ಮಿ’. ತಂದೆಯು ಈಜಿಪ್ಟಿನ ನೀಳವಾದ ಎಳೆಯ ಹತ್ತಿಗೆ ದಾಯಾದಿಯಾದ ‘ಬಾರ್ಬಡೆನ್ಸ್’ ಜಾತಿಯ ಎಸ್. ಬಿ. ೨೮೯ ಇ. ಎರಡು ಭಿನ್ನ ಜಾತಿಗಳ ಸಂಕರವು ಹೊಲದ ಬೆಳೆಯಾಗಿ ನೆಲೆಗೊಂಡುದು ಇದರಿಂದಲೇ. ಆದುದರಿಂದ ಕಾಲದಿಂದ ಎಣಿಸಿದರೆ ಅಗ್ರಸ್ಥಾನವು ಸೂರತ್ತಿಗೆ, ಬಗೆಯಿಂದ ಎಣಿಸಿದರೆ ಧಾರವಾಡಕ್ಕೆ. ಎರಡು ಮಾತುಗಳೂ ಸತ್ಯವಾದುವೇ. ಒಂದನ್ನು ಹೇಳಿ ಮತ್ತೊಂದನ್ನು ಬಿಡುವುದು ಮಾತ್ರ ಅನ್ಯಾಯ.

ಇಷ್ಟಕ್ಕೆ ವಿಚಾರವು ಮುಗಿಯುವುದಿಲ್ಲ. ಭಿನ್ನ ಜಾತಿಯ ಹತ್ತಿಗಳ ಸಂಕರದಲ್ಲಿ ಮೊದಲ ಪೀಳಿಗೆಯು ಹೆಚ್ಚಿನ ಕಸುವಿನಿಂದ ಬೆಳೆಯುವುದೆಂಬ ಸಂಗತಿಯನ್ನು ಅಮೇರಿಕೆಯ ಮೆಲ್ ಎಂಬವರು ೧೮೯೪ರಷ್ಟು ಹಿಂದೆಯೇ ವರದಿಮಾಡಿದ್ದರು. ತತ್ತ್ವವು ತಿಳಿದಿದ್ದೂ ಮುಕ್ಕಾಲು ಶತಮಾನ ಅದು ಹೊಲಕ್ಕೆ ಇಳಿಯದೆ ಉಳಿದುದೇಕೆ? ಗೋವಿನಜೋಳದ ಚರಿತ್ರೆಯು ಇಲ್ಲಿ ಬೆಳಕನ್ನು ಬೀರುತ್ತದೆ. ಅಮೇರಿಕೆಯಲ್ಲಿ ಶಲ್ ಮತ್ತು ಈಸ್ಟ್ ಎಂಬಿಬ್ಬರು ಒಂದೇ ಕಾಲದಲ್ಲಿ ಬೇರೆ ಬೇರೆಯಾಗಿ ಗೋವಿನಜೋಳದ ಶುದ್ಧ ತಳಿಗಳನ್ನು ಪರೀಕ್ಷಿಸುತ್ತಿದ್ದರು. ೧೯೦೮ರಲ್ಲಿ ಶಲ್‌ರು ಸಂಕರದ ತತ್ತ್ವವನ್ನು ಸ್ಪಷ್ಟವಾಗಿ ಪ್ರಕಟಿಸಿದರು; ಯಶಸ್ಸನ್ನು ಯಾರಿಗೆ ಎಷ್ಟು ಹಂಚಬೇಕೆಂಬುದು ಬಹುಕಾಲ ಚರ್ಚೆಯ ವಿಷಯವಾಯಿತು. ಆದರೆ ಆ ಬೀಜವು ರೈತನಿಗೆ ಎಟುಕುವ ಬೆಲೆಯದಾಗಿರಲಿಲ್ಲ. ೧೯೧೮ರ ಹೊತ್ತಿಗೆ ಈಸ್ಟರ ಶಿಷ್ಯರಾದ ಜೋನ್ಸರು ಇಮ್ಮಡಿ ಸಂಕರದ ಉಪಾಯವನ್ನು ತೋರಿಸಿದ ಮೇಲೆಯೇ ದಾರಿಯು ತೆರೆಯಿತು. ತತ್ತ್ವವನ್ನು ಕಂಡವರು ಒಬ್ಬರು. ಬೀಜವನ್ನು ಸಾಧ್ಯವಾಗಿಸಿದವರು ಮತ್ತೊಬ್ಬರು.

ಹತ್ತಿಯಲ್ಲಿ ಈ ತೊಡಕು ಇನ್ನೂ ಬಿಗಿಯಾದುದು. ಗೋವಿನಜೋಳದಲ್ಲಿ ಗಂಡು ಹೂವು ಗಿಡದ ತುದಿಯಲ್ಲಿ ಬೇರೆಯಾಗಿರುವುದು. ಅದನ್ನು ಕಿತ್ತರೆ ಗಾಳಿಯೇ ಉಳಿದ ಕೆಲಸವನ್ನು ಮಾಡುತ್ತದೆ. ಹತ್ತಿಯ ಹೂವಿನಲ್ಲಿ ಗಂಡು ಹೆಣ್ಣುಗಳೆರಡೂ ಒಂದೇ ಎಸಳುಗಳ ನಡುವೆ ಇರುವುದರಿಂದ ಪ್ರತಿ ಹೂವನ್ನೂ ಕೈಯಿಂದಲೇ ಸಂಸ್ಕರಿಸಬೇಕು. ಮರುದಿನ ಅರಳಲಿರುವ ಮೊಗ್ಗನ್ನು ಸಂಜೆಯ ಮುಂದೆ ಗುರುತಿಸಿ, ಹೆಬ್ಬೆರಳ ಉಗುರಿನಿಂದ ಬುಡವನ್ನು ಸೀಳಿ, ಎಸಳನ್ನೂ ಕೇಸರದ ಕೊಳವೆಯನ್ನೂ ಒಟ್ಟಿಗೆ ತೆಗೆಯುವರು. ಒಳಗಿನ ಅಂಡಾಶಯಕ್ಕೂ ಶಲಾಕೆಗೂ ಗಾಯವಾಗಕೂಡದು. ಮರುದಿನ ಬೆಳಿಗ್ಗೆ ತಂದೆತಳಿಯ ಹೂವಿನ ಪರಾಗವನ್ನು ಶಲಾಕೆಗೆ ಸವರಿ, ಗುರುತಿಗಾಗಿ ತೊಟ್ಟಿಗೆ ದಾರವನ್ನು ಕಟ್ಟುವರು. ಹೊಲದ ಮಾತಿನಲ್ಲಿ ಇದಕ್ಕೆ ‘ಕ್ರಾಸಿಂಗ್’ ಎಂದೇ ಹೆಸರು. ಉಗುರಿನ ಈ ಕ್ರಮವನ್ನು ೧೯೩೪ರಲ್ಲಿ ವಿವರಿಸಿದ ಡೋಕ್ ಎಂಬವರ ಹೆಸರು ಗ್ರಂಥಗಳಲ್ಲಿ ನಿಂತಿದೆ. ಕೂಲಿಯು ದುಬಾರಿಯಾದ ಅಮೇರಿಕೆಯಲ್ಲಿ ಕೈಯಿಂದ ಮಾಡಿದ ಸಂಕರಬೀಜವು ವ್ಯಾಪಾರಕ್ಕೆ ಗಿಟ್ಟಲಿಲ್ಲ, ಭಾರತದಲ್ಲಿ ಗಿಟ್ಟಿತು.

ಹಾಗೆ ಗಿಟ್ಟಿದ ಸೀಮೆಗಳಲ್ಲಿ ರಾಣೇಬೆನ್ನೂರಿನ ಸುತ್ತಣ ಪ್ರದೇಶವೂ ಒಂದು. ಹತ್ತಿಯ ಮತ್ತು ತರಕಾರಿಗಳ ಸಂಕರಬೀಜಕ್ಕೆ ಅದು ದೂರದೂರದವರೆಗೂ ಹೆಸರಾಯಿತು. ಈ ಕೆಲಸದ ಬಹುಭಾಗವನ್ನು ನಡೆಸಿದವರು ಹೆಂಗಸರು. ಕೆಲಸಕ್ಕೆ ಬಾಲಕಿಯರನ್ನೂ ಹಚ್ಚಿದುದು ಕರ್ಣಾಟಕ, ಆಂಧ್ರ ಮೊದಲಾದ ಸೀಮೆಗಳ ಬೀಜದ ಹೊಲಗಳನ್ನು ಕುರಿತ ವರದಿಗಳಿಂದ ತಿಳಿದುಬರುತ್ತದೆ. ಎಳೆಯ ಬೆರಳುಗಳ ಕುಶಲತೆಯೆಂದು ಇದನ್ನು ಹೊಗಳುವಂತಿಲ್ಲ. ಶೋಧದ ಬೆಲೆಯ ಒಂದು ಪಾಲನ್ನು ಆ ಮಕ್ಕಳ ಶಾಲೆಯ ದಿನಗಳು ತೆತ್ತುವೆಂಬುದನ್ನು ಚರಿತ್ರಕಾರನು ಮರೆಯಲಾಗದು.

ಹೀಗಿರಲು, ೧೯೭೦ ಮತ್ತು ೧೯೭೨ರಲ್ಲಿ ನಿಜವಾಗಿ ಹೊಸದಾಗಿ ಸಿದ್ಧವಾದುದೇನು? ಸಂಕರದ ಕಸುವು ಹಳೆಯ ಸಂಗತಿ. ಹೊಂದುವ ತಾಯಿತಂದೆಗಳನ್ನು ಆರಿಸಿದುದು ಪಟೇಲರ ಹಾಗೂ ಕಾತರಕಿಯವರ ಸಾಧನೆ, ಅದು ಅಲ್ಪವಾದುದಲ್ಲ. ಕೈಯಿಂದ ಸಂಸ್ಕರಿಸಿದ ಬೀಜವೂ ಸಾವಿರಾರು ಎಕರೆಗಳಿಗೆ ಸಾಲಬಲ್ಲುದೆಂಬುದೂ ಅಷ್ಟೇ ಹೊಸ ಸಂಗತಿ. ಅದನ್ನು ಸಿದ್ಧಮಾಡಿ ತೋರಿಸಿದುದು ಹೊಲದ ಕೈಗಳು. ಮೊದಲನೆಯದಕ್ಕೆ ಹೆಸರಿದೆ, ಎರಡನೆಯದಕ್ಕೆ ಕೂಲಿ ಮಾತ್ರ. ೨೦೦೧ರ ಸಸ್ಯತಳಿ ಸಂರಕ್ಷಣೆಯ ಹಾಗೂ ರೈತಹಕ್ಕುಗಳ ಶಾಸನವು ತಳಿಕಾರನ ಹಕ್ಕನ್ನೂ, ಹಳೆಯ ತಳಿಗಳನ್ನು ಕಾಪಾಡಿದ ರೈತನ ಹಕ್ಕನ್ನೂ ಮನ್ನಿಸಿದೆ. ಮೊಗ್ಗನ್ನು ಬಿಡಿಸಿದವಳಿಗೆ ಅದರಲ್ಲಿ ಸ್ಥಾನವಿಲ್ಲ.

ಬ್ಯಾಡಗಿಯ ಮೆಣಸಿನಕಾಯಿಯ ಉದಾಹರಣೆಯು ಈ ಸೀಮೆಯಲ್ಲಿಯೇ ಇದೆ. ಆರಿಸಿ ಆರಿಸಿ ಅದರ ಬಣ್ಣವನ್ನು ಉಳಿಸಿಕೊಂಡು ಬಂದ ಒಕ್ಕಲಿಗರಲ್ಲಿ ಒಬ್ಬರ ಹೆಸರೂ ಉಳಿಯಲಿಲ್ಲ. ಆದರೆ ೨೦೧೧ರಲ್ಲಿ ದೊರೆತ ಭೌಗೋಳಿಕ ಗುರುತಿನಿಂದ ಅವರ ಊರಿನ ಹೆಸರಿಗೆ ಶಾಸನದ ರಕ್ಷೆಯಾದರೂ ಉಂಟಾಯಿತು. ಸಂಕರ ಹತ್ತಿಯ ಕೈಗಳಿಗೆ ಅಷ್ಟೂ ಇಲ್ಲ. ಸೂರತ್ತು ಧಾರವಾಡಗಳ ನಡುವಣ ಅಗ್ರಸ್ಥಾನದ ಲೆಕ್ಕವನ್ನು ಎರಡು ವಾಕ್ಯಗಳಲ್ಲಿ ತೀರಿಸಬಹುದು. ಹೊಲದ ಲೆಕ್ಕವು ಇನ್ನೂ ತೀರದೆ ಉಳಿದಿದೆ. ಇನ್ನು ಮುಂದೆ ಬರೆಯಲಾಗುವ ಕೃಷಿಶಾಸ್ತ್ರದ ಚರಿತ್ರೆಯು ಅದನ್ನೂ ಕೈಗೆತ್ತಿಕೊಳ್ಳಬೇಕಾಗಿದೆ.